ಏನಾದ್ರೂ ಸಿಕ್ತಾ?

ಆತ್ಮೀಯರೇ,

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಾಲ್ಕು ದಿನ ತಡ. ತಪ್ಪು ನನ್ನದೇ. ರಾಜ್ಯೋತ್ಸವದ ಫೋಟೋ ಜೋಡಿಸಿ, ಯಾರ ಹೆಸರೂ ಬಿಟ್ಟುಹೋಗದ ಹಾಗೆ ಅಡಿಬರಹ ಬರೆಯಬೇಕಿದ್ದ ಶನಿವಾರ ಬೆಳಿಗ್ಗೆ ನಾನು ಬ್ಯಾರಬೂ ಊರಿನಾಚೆ ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು, ನೆಲದಿಂದ ಹದಿನೈದು ಅಡಿ ಮೇಲೆ ಕೂತಿದ್ದೆ. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ಟು, ತೊಡೆಯ ಮೇಲೆ ಕೋವಿ, ಜೇಬಿನಲ್ಲಿ ಕೋಡುಬಳೆ.

ಅಮೆರಿಕದ ಈ ವಿಸ್ಕಾನ್ಸಿನ್ ರಾಜ್ಯಕ್ಕೆ ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಇಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವ ಸೀಸನ್ ಶುರು. ಒಂಬತ್ತು ದಿನ ಇರುತ್ತದೆ. ಡಿಸೆಂಬರ್ ಬಂದರೆ ನಮ್ಮೂರ ಬಸ್ ಸ್ಟ್ಯಾಂಡ್ ತುಂಬಾ ಅಯ್ಯಪ್ಪ ಮಾಲೆಯ ಕಪ್ಪು ಬಟ್ಟೆ ಕಾಣುತ್ತದಲ್ವಾ, ಹಾಗೆ ಇಲ್ಲಿ ಪೆಟ್ರೋಲ್ ಬಂಕು, ಹೋಟೆಲು, ಎಲ್ಲೆಲ್ಲೂ ಬೇಟೆಗಾರರು ಒಬ್ಬರಿಗೊಬ್ಬರು ಕಾಣಲಿ ಅಂತ ಹಾಕುವ ಕಿತ್ತಳೆ. 2016ರಿಂದ ಹೊಳೆಯುವ ಗುಲಾಬಿ ಬಣ್ಣಕ್ಕೂ ಕಾನೂನು ಒಪ್ಪಿದೆ. ಆದರೆ ನಾನು ನೋಡಿದ ಹೆಂಗಸರೆಲ್ಲ ಕಿತ್ತಳೆಯನ್ನೇ ಹಾಕಿಕೊಂಡಿರುತ್ತಾರೆ.

ಇದು ನನ್ನ ಮೂರನೇ ಸೀಸನ್. 1973ರ ಜನವರಿ 1ರಂದು ಅಥವಾ ಅದರ ಮೇಲೆ ಹುಟ್ಟಿದವರು ಇಲ್ಲಿ ಬೇಟೆಯ ಕೋರ್ಸ್ ಪಾಸು ಮಾಡಬೇಕು. ನಾನೂ ಮಾಡಿದೆ. ಕ್ಲಾಸಿನಲ್ಲಿ ನನ್ನ ಅಕ್ಕಪಕ್ಕ ಕೂತಿದ್ದವರೆಲ್ಲ ಹನ್ನೆರಡು, ಹದಿಮೂರರ ಮಕ್ಕಳು. ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದರು. ಮೂರು ವರ್ಷದಲ್ಲಿ ನನಗೆ ಸಿಕ್ಕ ಜಿಂಕೆ ಸೊನ್ನೆ.

ಆದರೂ ಸೋಮವಾರ ಆಫೀಸಿನಲ್ಲಿ, ಸಂಘದ ಪಾಟ್‌ಲಕ್ ಊಟದಲ್ಲಿ, ಊರಿಂದ ಬಂದ ಫೋನಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಏನಾದ್ರೂ ಸಿಕ್ತಾ? ಇಲ್ಲ ಅಂದರೆ ಆಫೀಸಿನವರು ಪಾಪ ಅನ್ನುತ್ತಾರೆ. ನಮ್ಮವರು 'ಸದ್ಯ' ಅನ್ನುತ್ತಾರೆ. ಎರಡಕ್ಕೂ ಏನು ಹೇಳಬೇಕೋ ಗೊತ್ತಾಗದೆ ನಗುತ್ತೇನೆ.

ನನ್ನ ಅಜ್ಜನ ಕಾಲದಲ್ಲಿ ಮಲೆನಾಡಿನಲ್ಲಿ ಇದಕ್ಕೆ ಮರಸು ಅನ್ನುತ್ತಿದ್ದರು. ಹಣ್ಣು ಉದುರುವ ಮರದ ಹತ್ತಿರ ಅಟ್ಟಣೆ ಕಟ್ಟಿ, ಉಸಿರು ಬಿಗಿಹಿಡಿದು ಕೂರುವುದು. ಜನ ಸೇರಿ ಹಳು ನುಗ್ಗಿ, ಕೂಗು ಹಾಕಿ ಪ್ರಾಣಿ ಎಬ್ಬಿಸುವ ಬೇಟೆ ಬೇರೆ, ಮರಸು ಬೇರೆ. ಮೊದಲ ವರ್ಷ ಇಲ್ಲಿಯ ಟ್ರೀ ಸ್ಟ್ಯಾಂಡ್ ಹತ್ತಿದಾಗ ನನಗೆ ಮೊದಲು ನೆನಪಾದದ್ದು ಈ ಪದ. ಬಿದಿರಿನ ಬದಲು ಅಲ್ಯೂಮಿನಿಯಂ ಏಣಿ, ಸೊಂಟಕ್ಕೆ ಬೆಲ್ಟು, ಅಷ್ಟೇ ವ್ಯತ್ಯಾಸ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆ ಮುಗಿಯಿತು. ಮುಗಿಯಬೇಕಾದದ್ದೇ. ಈಗ ಊರಲ್ಲಿ ಅದು ಜೈಲಿಗೆ ಹೋಗುವ ಕೆಲಸ. ಅಜ್ಜನ ಕೋವಿ ಬೆಳೆ ಕಾಯುವ ನೆಪದಲ್ಲಿ ಮನೆಯಲ್ಲಿ ಉಳಿಯಿತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಟ್ಟು ಬರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು, ಅದಕ್ಕೆ ಉಳಿದ ತಿರುಗಾಟ ಇಷ್ಟೇ. ಕೊಡಗಿನವರು ಕೈಲ್‌ಪೋಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಅಲ್ಲೂ ಬೇಟೆ ಹೋಗಿ ಹಬ್ಬ ಉಳಿದಿದೆ.

ಅಜ್ಜ ಹೊಡೆದ ಪ್ರಾಣಿಗಳ ಕತೆ ಹೇಳಿದ್ದು ನನಗೆ ಒಂದೂ ಸರಿಯಾಗಿ ನೆನಪಿಲ್ಲ. ಪದೇ ಪದೇ ಹೇಳುತ್ತಿದ್ದದ್ದು ತಪ್ಪಿಸಿಕೊಂಡ ಒಂದು ಹಂದಿಯ ಕತೆ. ಕೇಪು ಸಿಡಿಯಲಿಲ್ಲ, ಹಂದಿ ನಿಂತು ಅಜ್ಜನನ್ನು ನೋಡಿತು, ಹೋಯಿತು. ಪ್ರತಿ ಮಳೆಗಾಲಕ್ಕೂ ಆ ಹಂದಿ ಸ್ವಲ್ಪ ದಪ್ಪ ಆಗುತ್ತಿತ್ತು.

ನನ್ನನ್ನು ಕಾಡಿಗೆ ಕರೆದುಕೊಂಡು ಹೋಗುವವರು ಪಕ್ಕದ ಮನೆಯ ಹಿರಿಯರು. ವಯಸ್ಸು ಎಪ್ಪತ್ತರ ಮೇಲೆ, ಜೀವನವಿಡೀ ಹಾಲು ಕರೆದವರು, ಮಾತು ಕಡಿಮೆ. ಈ ಸಲ ತಮ್ಮ ಕೋವಿಯನ್ನು ಟ್ರಕ್ಕಿನಲ್ಲೇ ಬಿಟ್ಟು ನನ್ನ ಪಕ್ಕ ಬಂದು ಕೂತರು. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆಯಿಂದ ಗುಂಡು ಹಾರಿಸಬಹುದು. ಅಂದರೆ ನವೆಂಬರ್ ಕೊನೆಯಲ್ಲಿ ಸುಮಾರು ಆರೂವರೆ. ನಾವು ಐದೂವರೆಗೇ ಮರ ಹತ್ತಿದ್ದೆವು. ಮೈನಸ್ 8 ಡಿಗ್ರಿ. ಕತ್ತಲಲ್ಲಿ ಮೊದಲು ಕಾಲ್ಬೆರಳು ಹೋದವು, ಆಮೇಲೆ ಮೂಗಿನ ತುದಿ.

ಬೆಳಕು ಒಮ್ಮೆಲೇ ಬರುವುದಿಲ್ಲ. ಮೊದಲು ಬರ್ಚ್ ಮರಗಳ ಬಿಳಿ ತೊಗಟೆ ಮಾತ್ರ ಕಂಡಿತು, ಯಾರೋ ಸಾಲಾಗಿ ಪಂಚೆ ಒಣಗಿ ಹಾಕಿದ ಹಾಗೆ. ಆಮೇಲೆ ಹಿಮ, ಆಮೇಲೆ ಹಿಮದ ಮೇಲಿನ ಹೆಜ್ಜೆ. ವಿಸ್ಕಾನ್ಸಿನ್ ನದಿಯ ಕಡೆಯಿಂದ ಸ್ಯಾಂಡ್‌ಹಿಲ್ ಕ್ರೇನ್‌ಗಳ ಕೂಗು ಬಂತು. 1930ರ ದಶಕದಲ್ಲಿ ಈ ರಾಜ್ಯದಲ್ಲಿ ಈ ಹಕ್ಕಿ ಇಲ್ಲವಾಗಿ ಹೋಗುವ ಹಂತದಲ್ಲಿತ್ತು. ಅದೇ ಸಮಯಕ್ಕೆ, 1935ರಲ್ಲಿ, ಪರಿಸರ ಲೇಖಕ ಆಲ್ಡೊ ಲಿಯೊಪೋಲ್ಡ್ ಇದೇ ನದಿಯ ದಂಡೆಯಲ್ಲಿ ಸಾರ ಸತ್ತ ಒಂದು ಹೊಲ ಕೊಂಡು, ಮನೆಮಂದಿಯೆಲ್ಲ ಸೇರಿ ಸಾವಿರಾರು ಪೈನ್ ಸಸಿ ನೆಟ್ಟರು. ಅವರೂ ಬೇಟೆಗಾರರೇ. ಈಗ ಕ್ರೇನ್‌ಗಳ ಗದ್ದಲಕ್ಕೆ ನಿದ್ದೆ ಬರಲ್ಲ ಅನ್ನುವವರಿದ್ದಾರೆ.

ಎಂಟು ಗಂಟೆ ಹೊತ್ತಿಗೆ ಹಸಿವು ತಡೆಯಲಾಗಲಿಲ್ಲ. ಒಂದು ಕೋಡುಬಳೆ ಬಾಯಿಗೆ ಹಾಕಿದೆ. ಕಚ್ಚಿದ ಶಬ್ದ ಇಡೀ ಕಾಡಿಗೆ ಕೇಳಿಸಿರಬೇಕು. ಹಿರಿಯರು ನಿಧಾನಕ್ಕೆ ತಲೆ ತಿರುಗಿಸಿ ನೋಡಿದರು. ನಾನು ಉಳಿದದ್ದನ್ನು ಬಾಯಲ್ಲೇ ನೆನೆಸಿ, ಪೆಪ್ಪರಮಿಂಟಿನ ಹಾಗೆ ಚೀಪಿ ಮುಗಿಸಿದೆ.

ಅದಾಗಿ ಹತ್ತು ನಿಮಿಷಕ್ಕೆ ಬಂತು. ಎರಡು ಗಂಟೆಯಿಂದ ಅಳಿಲುಗಳೇ ತರಗೆಲೆ ಕೆದಕಿ ನನ್ನ ಎದೆ ಹಾರಿಸಿದ್ದವು. ಇದು ಮಾತ್ರ ಸದ್ದೇ ಇಲ್ಲದೆ ಬಂತು. ಖಾಲಿ ಜಾಗದಲ್ಲಿ ಸುಮ್ನೆ ಒಂದು ಹೆಣ್ಣು ಜಿಂಕೆ ನಿಂತಿತ್ತು. ಸುಮಾರು ನಲವತ್ತು ಹೆಜ್ಜೆ. ಬೆನ್ನಿನ ಕೂದಲ ಮೇಲೆ ಮಂಜಿನ ಪುಡಿ, ಮೂಗಿನಿಂದ ಹಬೆ. ಒಂದು ಕಿವಿ ನನ್ನ ಕಡೆ, ಇನ್ನೊಂದು ಹಿಂದಕ್ಕೆ. ನನ್ನ ಹತ್ತಿರ ಹೆಣ್ಣು ಜಿಂಕೆಗೂ ಟ್ಯಾಗ್, ಅಂದರೆ ಹೊಡೆಯಲು ಪರವಾನಗಿ ಚೀಟಿ, ಇತ್ತು. ಕೋವಿ ಎತ್ತಿದೆ. ಅದರ ಹಿಂದೆ ನೆಲ ಇಳಿದಿತ್ತು, ಗುಂಡು ತಡೆಯುವ ದಿಣ್ಣೆ ಇರಲಿಲ್ಲ. ಮರಗಳ ಸಂದಿಯಲ್ಲಿ, ದೂರದಲ್ಲಿ, ಯಾರದೋ ಕೊಟ್ಟಿಗೆಯ ಕೆಂಪು ಗೋಡೆ. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎರಡೂ ಖಾತ್ರಿ ಆಗದೆ ಕೋವಿಯ ಕುದುರೆಗೆ ಬೆರಳು ಹಾಕಬೇಡ ಅಂತ ಆ ಹನ್ನೆರಡರ ಮಕ್ಕಳ ಜೊತೆ ಕೂತು ಬಾಯಿಪಾಠ ಮಾಡಿದ್ದೆ. ಎರಡು ಹೆಜ್ಜೆ ಎಡಕ್ಕೆ ಬಂದಿದ್ದರೆ ಸಾಕಿತ್ತು. ಅದು ಬರಲಿಲ್ಲ. ಮುಂಗಾಲು ಎತ್ತಿ ನೆಲಕ್ಕೆ ಒಮ್ಮೆ ಕುಟ್ಟಿತು, ಬುಸ್ ಅಂತು, ಬಿಳಿ ಬಾಲ ಬಾವುಟದ ಹಾಗೆ ಎತ್ತಿಕೊಂಡು ಹೋಯಿತು.

ಕೈ ನಡುಗುತ್ತಿತ್ತು. ಹಿರಿಯರು ನನ್ನ ಮೊಣಕಾಲು ಎರಡು ಸಲ ತಟ್ಟಿದರು.

ಬೇಟೆ ಅಂದರೆ ಪ್ರಕೃತಿ ನೋಡುವುದು, ಜಿಂಕೆ ಸಿಕ್ಕರೂ ಒಂದೇ ಬಿಟ್ಟರೂ ಒಂದೇ ಅನ್ನುವವರಿದ್ದಾರೆ. ನನಗೆ ಅದು ಪೂರ್ತಿ ನಿಜ ಅನ್ನಿಸುವುದಿಲ್ಲ. ಅಕ್ಟೋಬರಿನಲ್ಲಿ, ಕೋವಿ ಇಲ್ಲದೆ, ಇದೇ ಮರದಲ್ಲಿ ಕೂತು ನೋಡಿದ್ದೆ. ಎಲೆ ಎಲ್ಲ ಕೆಂಪಾಗಿತ್ತು, ಚಳಿಯೂ ಇರಲಿಲ್ಲ. ನಲವತ್ತು ನಿಮಿಷಕ್ಕೆ ಫೋನ್ ತೆಗೆದೆ. ನವೆಂಬರಿನಲ್ಲಿ ಐದು ಗಂಟೆ ಕೂತರೂ ಜೇಬಿಗೆ ಕೈ ಹೋಗಲಿಲ್ಲ, ಕೋಡುಬಳೆಗೆ ಬಿಟ್ಟರೆ. ಸಿಗಬಹುದು ಅನ್ನುವ ಆಸೆ ಇದ್ದದ್ದಕ್ಕೇ ಕಣ್ಣು ಕಿವಿ ಅಷ್ಟು ಚುರುಕಾದವು. ಆ ಆಸೆಗೇ ನಾನು ದುಡ್ಡು ಕೊಟ್ಟದ್ದು ಅಂದುಕೊಳ್ಳುತ್ತೇನೆ. ದುಡ್ಡೂ ದಂಡವಲ್ಲ ಬಿಡಿ. 1937ರ ಒಂದು ಕಾನೂನಿನ ಪ್ರಕಾರ ಬೇಟೆ ಕೋವಿ, ತೋಟಾಗಳ ಮೇಲಿನ 11 ಶೇಕಡಾ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಹಾರದ ಗುಂಡಿಗೂ ಲೆಕ್ಕ ಇದೆ.

ವಾಪಸು ಬರುವಾಗ ಹಿರಿಯರು ತಮ್ಮನಿಗೆ ಫೋನು ಹಚ್ಚಿದರು. ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಜಿಂಕೆ, ಕೊಟ್ಟಿಗೆ, ಬಾಲ, ಕೋಡುಬಳೆಯ ಶಬ್ದ, ಎಲ್ಲ ಬಂತು. ಅವರ ಕತೆಯಲ್ಲಿ ಜಿಂಕೆ ಮೂವತ್ತೈದು ಹೆಜ್ಜೆ ದೂರದಲ್ಲಿತ್ತು. ನಾನು ತಿದ್ದಲಿಲ್ಲ.

ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಮಗಳು ಓಡಿ ಬಂದಳು. ಜಿಂಕೆ ಕಾಣಿಸಿತಾ ಅಪ್ಪ, ಎಷ್ಟು ಹತ್ತಿರ ಅಂತ ಕೇಳಿದಳು.

ಮೂವತ್ತು ಹೆಜ್ಜೆ ಅಂದೆ.