ಒಡಹುಟ್ಟಿದವರ ನೋವಿಗೆ ರಾಕ್ ಹಾಡು ಒಗ್ಗದೇ?

ಮಾನ್ಯ ಸಂಪಾದಕರೇ,

ಮಾನಸಿಕ ಕಾಯಿಲೆಯಿಂದ ಬಳಲುವ ಅಣ್ಣ, ತಮ್ಮ, ಅಕ್ಕ, ತಂಗಿಯರಿಗಾಗಿ ಸಂಗೀತಗಾರರು ಬರೆದ ಹಾಡುಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸ್ಥೆಯಿಂದ ಓದಿದೆ. ಅಂಥ ನೋವಿಗೆ ಮೆಲುದನಿಯ ಗೀತೆಯೇ ತಕ್ಕದ್ದು, ರಾಕ್ ಸಂಗೀತದ ಅಬ್ಬರ ಅದಕ್ಕೆ ಒಗ್ಗುವುದಿಲ್ಲ ಎಂಬ ಲೇಖಕರ ಅಭಿಪ್ರಾಯವನ್ನು ಮಾತ್ರ ನಾನು ಒಪ್ಪಲಾರೆ.

ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಅವರನ್ನೇ ನೋಡಬಹುದು. ಅವರ ತಾಯಿಯ ಹಿರಿಯ ಮಗ ಟೆರಿ ಬರ್ನ್ಸ್ ವಯಸ್ಸಿನಲ್ಲಿ ಅವರಿಗಿಂತ ಸುಮಾರು ಹತ್ತು ವರ್ಷ ದೊಡ್ಡವರು. ಹುಡುಗ ಡೇವಿಡ್‌ಗೆ ಜಾಝ್ ಸಂಗೀತದ ರುಚಿ ಹತ್ತಿಸಿದವರು, ಹೊಸ ಬಗೆಯ ಪುಸ್ತಕಗಳನ್ನು ಪರಿಚಯಿಸಿದವರು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ತುತ್ತಾದ ಆ ಅಣ್ಣ ಬದುಕಿನ ಹಲವು ವರ್ಷಗಳನ್ನು ಲಂಡನ್ನಿನ ದಕ್ಷಿಣದ ಅಂಚಿನಲ್ಲಿದ್ದ ಕೇನ್ ಹಿಲ್ ಮಾನಸಿಕ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಬೋವಿ ಅವರ 1970ರ ‘ಆಲ್ ದ ಮ್ಯಾಡ್‌ಮೆನ್’ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಹೊರಗಿನ ‘ಸರಿಯಾದವರ’ ನಡುವೆ ಬಾಳುವುದಕ್ಕಿಂತ ಒಳಗಿರುವವರ ಜೊತೆಗೇ ಉಳಿಯುತ್ತೇನೆ ಎನ್ನುವ ಆ ಹಾಡು ಅಕೌಸ್ಟಿಕ್ ಗಿಟಾರಿನ ತಗ್ಗಿದ ದನಿಯಲ್ಲಿ ಆರಂಭವಾಗಿ, ಎಲೆಕ್ಟ್ರಿಕ್ ಗಿಟಾರು ಮತ್ತು ಡ್ರಮ್ಸ್ ಬಂದು ಸೇರುತ್ತಿದ್ದಂತೆ ಭೋರ್ಗರೆಯತೊಡಗುತ್ತದೆ. ಆ ಭೋರ್ಗರೆತವನ್ನು ತೆಗೆದುಬಿಟ್ಟರೆ ಉಳಿಯುವುದು ಬರಿಯ ಕನಿಕರ, ಮತ್ತು ಕಾಯಿಲೆಯಲ್ಲಿರುವವರಿಗೆ ಕನಿಕರದಷ್ಟು ಬೇಸರ ತರಿಸುವುದು ಬೇರೊಂದಿಲ್ಲ.

ಒಡಹುಟ್ಟಿದವರ ಸಂಕಟವೇ ಬೇರೆ. ಗದರಿಸಲು ತಂದೆತಾಯಿಯರ ಅಧಿಕಾರವಾಗಲಿ, ಗುಣಪಡಿಸಲು ವೈದ್ಯರ ವಿದ್ಯೆಯಾಗಲಿ ಅವರಲ್ಲಿಲ್ಲ. ಒಂದೇ ಮನೆಯಲ್ಲಿ ಬೆಳೆದೂ ಇದು ನನಗೇಕೆ ಬರಲಿಲ್ಲ ಎಂಬ ಅಳುಕು, ನಾಳೆ ನನಗೂ ಬಂದೀತೇ ಎಂಬ ಭಯ, ಇವೆರಡರ ನಡುವೆ ಆಗಾಗ ಉಕ್ಕಿಬರುವ ಸಿಟ್ಟು, ಎಲ್ಲವೂ ಅವರಲ್ಲಿ ಒಟ್ಟಿಗೇ ಇರುತ್ತವೆ. ಮನೆತನದಲ್ಲಿದ್ದ ಕಾಯಿಲೆ ತಮ್ಮನ್ನೂ ಹಿಡಿದೀತೆಂಬ ಭಯವನ್ನು ಬೋವಿ ಸ್ವತಃ ಹೇಳಿಕೊಂಡಿದ್ದರು. ಜೋಗುಳದಂಥ ಹಾಡು ಇವುಗಳಲ್ಲಿ ಪ್ರೀತಿಯೊಂದನ್ನೇ ಆರಿಸಿಕೊಂಡು ಉಳಿದುದನ್ನು ಮರೆಮಾಚುತ್ತದೆ. ನಾನು ಬಲ್ಲ ರಾಕ್ ಹಾಡುಗಳು ಹಾಗೆ ಮಾಡುವುದಿಲ್ಲ. ನನ್ನ ತಮ್ಮನೂ ಇಂಥ ಕಾಲವನ್ನು ಹಾದುಬಂದವನೇ. ‘ಹೇಗಿದ್ದೀಯೋ’ ಎಂದು ಕೇಳಿದರೆ ಗೋಡೆಯ ಕಡೆ ತಿರುಗುತ್ತಿದ್ದವನು, ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಯಲ್ಲೇ ಉಳಿಸಿಕೊಂಡು ಇನ್ನೊಂದನ್ನು ಮಾತಿಲ್ಲದೆ ನನ್ನ ಕಡೆಗೆ ಚಾಚುತ್ತಿದ್ದ. ಅದರಲ್ಲಿ ಕೇಳಿಬರುತ್ತಿದ್ದುದು ಯಾವಾಗಲೂ ಅತಿ ಜೋರಾದ ಹಾಡುಗಳೇ.

ಟೆರಿ 1985ರ ಜನವರಿಯಲ್ಲಿ ತೀರಿಕೊಂಡರು. ಅವರ ನೆನಪಿನ ನೆರಳಿರುವ ‘ಜಂಪ್ ದೇ ಸೇ’ ಹೊರಬಂದದ್ದು 1993ರಲ್ಲಿ. ಆ ಹಾಡಿನ ನಡುವೆ ಲೆಸ್ಟರ್ ಬೋವಿ ಎಂಬ ಜಾಝ್ ಕಲಾವಿದರ ಟ್ರಂಪೆಟ್ ಮೊಳಗುತ್ತದೆ (ಹೆಸರು ಒಂದೇ ಆದರೂ ಇವರು ಸಂಬಂಧಿಕರಲ್ಲ). ಜಾಝ್ ಕೇಳುವುದನ್ನು ಕಲಿಸಿದ ಅಣ್ಣನ ನೆನಪಿನ ಹಾಡಿನಲ್ಲಿ ಜಾಝ್ ಟ್ರಂಪೆಟ್ ಬಂದದ್ದು ಬೇಕೆಂದೇ ಆದದ್ದೋ ಏನೋ, ನನಗಂತೂ ಇಡೀ ಹಾಡಿನಲ್ಲಿ ಅತ್ಯಂತ ಆಪ್ತವೆನಿಸುವ ಭಾಗ ಅದೇ.

ರೋಗಿಗಳ ಖಾಸಗಿ ಬದುಕನ್ನು ಲೇಖನ ಬಯಲಿಗಿಟ್ಟ ರೀತಿಯೂ ನನ್ನನ್ನು ನೋಯಿಸಿತು. ಜನಜಂಗುಳಿಯಾದೀತೆಂದು ಬೋವಿ ಅಣ್ಣನ ಅಂತ್ಯಕ್ರಿಯೆಗೆ ಹೋಗದೆ ಹೂವು ಕಳುಹಿಸಿದ್ದರು. ಆದರೂ ಅಲ್ಲಿನ ಕೆಲವು ಪತ್ರಿಕೆಗಳು ಆ ಮನೆಯ ದುಃಖವನ್ನು ರಂಜಕ ಸುದ್ದಿಯನ್ನಾಗಿಸಿದವು. ತಮ್ಮ ಲೇಖನದಲ್ಲಿಯೂ ಹಾಡಿನ ರಾಗ, ಸಾಹಿತ್ಯಗಳಿಗಿಂತ ರೋಗಿಗಳ ಹೆಸರು, ಚಿತ್ರ ಮತ್ತು ಕಾಯಿಲೆಯ ವಿವರಗಳಿಗೇ ಹೆಚ್ಚು ಜಾಗ ಸಿಕ್ಕಿದೆ. ಹಾಡು ಬರೆದವರು ತಾವಾಗಿಯೇ ಜನರ ಮುಂದೆ ಬಂದವರು, ಆದರೆ ಯಾರಿಗಾಗಿ ಬರೆದರೋ ಅವರು ಹಾಗೆ ಬಂದವರಲ್ಲ. ಆದ್ದರಿಂದ ಇನ್ನು ಮುಂದೆ ಇಂಥ ಹಾಡುಗಳನ್ನು ಪರಿಚಯಿಸುವಾಗ, ಬದುಕಿರುವ ಸೋದರ ಸೋದರಿಯರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಅಚ್ಚು ಹಾಕಬಾರದೆಂದೂ, ‘ಹುಚ್ಚ’ ಎಂಬ ಪದವನ್ನು ಶೀರ್ಷಿಕೆಗಳಿಂದ ದೂರವಿಡಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಕ್ಕ