ಮಾಳಿಗೆಯ ಕೀಲಿ ತೆಗೆಯಿರಿ, ಮಕ್ಕಳಿಗೆ ಕಾಳು ಹಸನು ಮಾಡಲು ಕಲಿಸಿ

ಸಂಪಾದಕರಿಗೆ ನಮಸ್ಕಾರ,

ಬೆಟಗೇರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತಿದ್ದೇನೆ. ಹಿಂಗಾರಿ ಸುಗ್ಗಿ ಮುಗಿದು ಬ್ಯಾಸಗಿ ಏರುವ ಈ ದಿನಗಳಲ್ಲಿ ಮೊದಲೆಲ್ಲ ಡಬ್ಬಿಗಳ ಪಾಳಿ ಕಟ್ಟೆ ದಾಟಿ ರಸ್ತೆಗೆ ಬರುತ್ತಿತ್ತು. ಹೊಸ ಜೋಳ, ಶಾವಿಗೆಗೆ ಗೋಧಿ, ಸಂಡಿಗೆಗೆ ಅಕ್ಕಿ, ವರ್ಷದ ಖಾರಕ್ಕೆ ತೊಟ್ಟು ಮುರಿದ ಬ್ಯಾಡಗಿ ಮೆಣಸಿನಕಾಯಿ. ಈಗ ಪಾಳಿ ಸಣ್ಣದಾಗಿದೆ. ವ್ಯಾಪಾರ ಇಳಿಯಿತೆಂದು ಗೋಳು ಹೇಳಿಕೊಳ್ಳಲು ನಾನು ಬರೆಯುತ್ತಿಲ್ಲ. ಬರುವವರಲ್ಲಿಯೂ ಬಹಳ ಮಂದಿಗೆ ಕಾಳಿನ ಪರಿಚಯವೇ ತಪ್ಪಿಹೋಗಿದೆ, ಅದು ನನ್ನ ಕಳವಳ.

ಮೊನ್ನೆ ಒಬ್ಬ ಹುಡುಗ ಸಂತೆಯಲ್ಲಿ ಕೊಂಡ ನವಣೆ ತಂದಿದ್ದ. "ಕಾಕಾ, ಇದನ್ನ ಹಂಗ ಬೀಸಿ ಕೊಡ್ರಿ" ಅಂದ. "ಸಿಪ್ಪಿ ತೆಗಿಸೀಯೇನಪಾ?" ಅಂದೆ. "ಇದಕ್ಕ ಸಿಪ್ಪಿ ಇರ್ತೈತೇನ್ರಿ?" ಎಂದು ನನ್ನನ್ನೇ ಕೇಳಿದ. ಜೋಳ, ಸಜ್ಜೆಯನ್ನು ಹಸನು ಮಾಡಿ ನೇರ ಬೀಸಬಹುದು. ನವಣೆ, ಸಾಮೆಗೆ ಮೊದಲು ಹೊಟ್ಟು ಬಿಡಿಸಬೇಕು. ನಮ್ಮ ಅವ್ವನ ಕಾಲದಲ್ಲಿ ಅದು ಒನಕೆಯ ಕೆಲಸ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು, ಅಂಗಡಿಗಳಲ್ಲಿ ಪ್ಯಾಕೆಟ್ ತುಂಬಿದವು, ಆದರೆ ಆ ಕಾಳನ್ನು ಬಳಸುವ ಕೈಗಳನ್ನು ಯಾರೂ ತಯಾರು ಮಾಡಲಿಲ್ಲ. ಆ ಹುಡುಗ ನಾಚದೆ ಕೇಳಿದ್ದು ನನಗೆ ಬಹಳ ಹಿಡಿಸಿತು. ಕೇಳುವವರು ಇದ್ದಾರೆ, ಹೇಳುವವರು ಬೇಕಾಗಿದ್ದಾರೆ.

ಸ್ವಾವಲಂಬಿ ಬದುಕು ಎಂದರೆ ಹೊಲ, ಬಾವಿ, ಹಿತ್ತಲು ಇದ್ದವರಿಗಷ್ಟೇ ಎಂದು ಪಟ್ಟಣದವರು ತಿಳಿದಿದ್ದಾರೆ. ಎರಡು ಕೋಣೆಯ ಬಾಡಿಗೆ ಮನೆಯವರೂ ಸುಗ್ಗಿಯಲ್ಲಿ ವರ್ಷದ ಕಾಳು ಕೊಂಡು, ಒಣಗಿಸಿ, ಕೆಡದಂತೆ ಇಟ್ಟು, ಬೇಕಾದಷ್ಟೇ ಬೀಸಿಕೊಂಡು ಉಂಡರೆ ಅವರದೂ ದುಡಿಯುವ ಮನೆಯೇ. ಬೆಟಗೇರಿಯ ನೇಕಾರ ಮನೆಗಳು ಹೀಗೆಯೇ ವರ್ಷ ದಾಟಿಸಿದ್ದನ್ನು ನಾನು ಕಂಡಿದ್ದೇನೆ. ಕೂಲಿ ಕಡಿಮೆಯಾದ ತಿಂಗಳಲ್ಲಿಯೂ ಅವರ ಮನೆಯಲ್ಲಿ ಜೋಳ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಖಾರ ಇರುತ್ತಿದ್ದವು.

ಇದರಲ್ಲಿ ದೊಡ್ಡ ವಿದ್ಯೆ ಕಾಯ್ದಿಡುವುದು. ಹಿಂದೆ ನಮ್ಮ ಕಡೆಯ ಊರುಗಳಲ್ಲಿ ಹಗೇವುಗಳಿದ್ದವು. ನೆಲದೊಳಗೆ ತೋಡಿ, ಒಳಗೆ ಕಣಿಕೆ, ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಹೊರಗಿನ ಗಾಳಿ ಆಡದೆ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳ ಸಾಯುತ್ತಿದ್ದವು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಂದೀಲು ಇಳಿಬಿಟ್ಟು ಅದು ಆರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಇಳಿಯುತ್ತಿದ್ದರು. ಇಂದು ಹಗೇವು ಬೇಕಿಲ್ಲ. ಗಟ್ಟಿ ಮುಚ್ಚಳದ ಸ್ಟೀಲ್ ಪೀಪಾಯಿಯನ್ನು ಕಂಠಮಟ ತುಂಬಿ, ಪದೇಪದೇ ತೆರೆಯದೆ ಇಟ್ಟರೆ ಮನೆಯ ಮಟ್ಟಿಗೆ ಬಹುಪಾಲು ಅದೇ ಕೆಲಸವಾಗುತ್ತದೆ. ಕಾಳು ಮಾತ್ರ ಪೂರಾ ಒಣಗಿರಬೇಕು.

ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಗಿರಣಿಯಲ್ಲಿಯೇ ಮಾಡಿ ತೋರಿಸುತ್ತೇನೆ. ನೀರಿನ ಪಸೆಯಿಲ್ಲದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಎರಡು ಚಮಚ ಒಣ ಪುಡಿಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ ಸ್ವಲ್ಪ ಹೊತ್ತು ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ತೇವ ಶೇ 15 ದಾಟಿದೆ ಎಂದರ್ಥ. ಅಂಟದಿದ್ದರೂ ಇನ್ನೆರಡು ಬಿಸಿಲು ಕೊಡುವುದು ಒಳ್ಳೆಯದು, ವರ್ಷ ಇಡುವ ಕಾಳಿನಲ್ಲಿ ತೇವ ಶೇ 12 ಮೀರಬಾರದು. ಅನುಭವವಿದ್ದ ಹೆಣ್ಣುಮಕ್ಕಳಿಗೆ ಬಾಟಲಿಯೂ ಬೇಕಿಲ್ಲ, ಒಂದು ಕಾಳು ಹಲ್ಲಿಗೆ ಹಾಕಿ ಕಟ್ ಎಂದರೆ ಸಾಕು. ಆಮೇಲೆ ಜೋಳಕ್ಕೆ ಒಣ ಬೇವಿನ ಎಲೆ, ತೊಗರಿ ಬೇಳೆಗೆ ಒಂದು ಕೈ ಔಡಲೆಣ್ಣೆ, ಬೀಜಕ್ಕೆ ಬೂದಿ.

ಬೀಸಿದ ಮೇಲಿನ ಮಾತೂ ಹೇಳಬೇಕು. ಕಲ್ಲಿನಿಂದ ಬರುವ ಹಿಟ್ಟು ಬಿಸಿ ಇರುತ್ತದೆ. ಹಾಗೆಯೇ ಮುಚ್ಚಳ ಹಾಕಿಕೊಂಡು ಹೋದರೆ ಡಬ್ಬಿ ಒಳಗೆ ಬೆವರುತ್ತದೆ, ಹಿಟ್ಟು ಗಂಟು ಕಟ್ಟಿ ಬೂಸ್ಟು ಹಿಡಿಯುತ್ತದೆ. ಮನೆಗೆ ಹೋಗಿ ಪರಾತದಲ್ಲಿ ಹರವಿ ಆರಿಸಬೇಕು. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಕುದಿಯುವ ಎಸರು ಬಿದ್ದರೇ ಅದು ಕೂಡಿಕೊಳ್ಳುವುದು. ಹಿಟ್ಟು ಹಳತಾದಷ್ಟೂ ಜಿಗಿ ಕಳೆದುಕೊಂಡು, ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಸಜ್ಜೆ ಹಿಟ್ಟಿನಲ್ಲಿ ಎಣ್ಣೆಯಂಶ ಹೆಚ್ಚು, ವಾರದೊಳಗೇ ಕಹಿಯಾಗುತ್ತದೆ. ಯಾವಾಗ ಬೀಸಿದ್ದೋ ತಿಳಿಯದ ಹಿಟ್ಟು ತಂದು ರೊಟ್ಟಿ ಬರಲಿಲ್ಲವೆಂದು ಎಷ್ಟೋ ಹೊಸ ಸಂಸಾರಗಳು ರೊಟ್ಟಿಯನ್ನೇ ಬಿಟ್ಟಿವೆ. ನನಗೆ ಇದು ನಿಜವಾಗಿಯೂ ಸಂಕಟ.

ಹಳೆಯ ಕಾಲ ತಿರುಗಿ ಬರಲಿ ಎಂದು ನಾನು ಹೇಳುತ್ತಿಲ್ಲ. ನಸುಕಿಗೆ ಎದ್ದು ಬೀಸುಕಲ್ಲು ತಿರುಗಿಸಿದ ನಮ್ಮ ಆಯಿಯ ಅಂಗೈ ನೋಡಿದವನು ನಾನು. ಆ ದುಡಿತ ಪೂರಾ ಹೆಣ್ಣುಮಕ್ಕಳ ತಲೆಯ ಮೇಲಿತ್ತು. ಅದಕ್ಕೇ ಈ ಕೆಲಸಗಳನ್ನು ಗಂಡುಮಕ್ಕಳೂ ಕಲಿಯಬೇಕು. ಇಲ್ಲವಾದರೆ ಬಿಟ್ಟುಹೋದದ್ದೇ ಚಲೋ ಆಯಿತು ಎಂದು ಹೆಣ್ಣುಮಕ್ಕಳು ಹೇಳಿದರೆ ಅದರಲ್ಲಿ ತಪ್ಪಿಲ್ಲ.

ಹುಬ್ಬಳ್ಳಿ, ಧಾರವಾಡ, ಗದಗಿನ ಹೊಸ ಅಪಾರ್ಟ್‌ಮೆಂಟ್‌ಗಳ ಸಂಘದವರಲ್ಲಿ ಒಂದು ವಿನಂತಿ. ಮಾಳಿಗೆಗೆ ಕೀಲಿ ಹಾಕಬೇಡಿ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಮನೆಗೊಂದು ದಿನದಂತೆ ಪಾಳಿ ಹಚ್ಚಿಕೊಟ್ಟರೂ ಸಾಕು, ಕಾಳು, ಸಂಡಿಗೆ, ಮೆಣಸಿನಕಾಯಿ ಒಣಗುತ್ತವೆ.

ಸಹಕಾರ ಸಂಘಗಳೂ ಮನಸ್ಸು ಮಾಡಬಹುದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲ್ಲೂಕಿನದೇ. ಸುಗ್ಗಿಯಲ್ಲಿ ಸದಸ್ಯ ರೈತರ ಜೋಳವನ್ನು ಊರಿನ ಸಂಘಗಳೇ ಹಸನು ಮಾಡಿಸಿ ಪಟ್ಟಣದ ಮನೆಗಳಿಗೆ ವರ್ಷದ ಲೆಕ್ಕದಲ್ಲಿ ಮಾರಿದರೆ ರೈತನಿಗೂ ಒಳ್ಳೆಯದು, ಕೊಳ್ಳುವವರಿಗೂ ಒಳ್ಳೆಯದು. ಕಾಳು ಇಡುವ ಬಗೆಯನ್ನು ಪಟ್ಟಣದವರಿಗೆ ಹೇಳಿಕೊಡಲು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರಿಗಿಂತ ಬಲ್ಲವರು ಬೇಕೆ?

ಇನ್ನು ಶಾಲೆಗಳು. 6ರಿಂದ 8ನೇ ತರಗತಿಯ ನಡುವೆ ಮಕ್ಕಳು 10 ದಿನ ಪಾಟಿಚೀಲ ಬಿಟ್ಟು ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕೆಲಸ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಆ ನೀತಿಯ ಬಗ್ಗೆ ರಾಜ್ಯದಲ್ಲಿ ನಡೆದಿರುವ ವಾದ ಬೇರೆ. ಈ ಒಂದು ವಿಚಾರ ಯಾವ ಪಕ್ಷದವರಿಗೂ ಬೇಡವಾಗಬಾರದು. ಹಾವೇರಿ ಜಿಲ್ಲೆಯ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ಓದಿನ ಜೊತೆಗೇ ಹೊಲದ ಕೆಲಸ, ದನಕರುಗಳ ಆರೈಕೆ ಕಲಿಯುತ್ತಾರೆ. ಅಷ್ಟು ಆಗದಿದ್ದರೂ ಆ 10 ದಿನಗಳಲ್ಲಿ ಒಂದು ದಿನ ಕಾಳಿಗೆ ಕೊಡಿ.

ನಮ್ಮ ಗಿರಣಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಖಾಲಿ ಇರುತ್ತದೆ. ಬೆಟಗೇರಿಯ ಯಾವ ಶಾಲೆಯವರು ಮಕ್ಕಳನ್ನು ಕರೆತಂದರೂ ಮೊರ, ಸಾಣಿಗೆ, ಜೋಳ, ಉಪ್ಪಿನ ಬಾಟಲಿ ನಾನು ಒದಗಿಸುತ್ತೇನೆ. ಮಷಿನ್ ಪಟ್ಟಿಯ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ, ಹೊರಗಿನ ಕಟ್ಟೆಯ ಮೇಲೆಯೇ ಎಲ್ಲ ಕಲಿಸಬಹುದು. ಮಾಸ್ತರರು ಒಂದು ದಿನ ಮೊದಲು ತಿಳಿಸಿದರೆ ಹೊಟ್ಟು ಬಿಡಿಸದ ನವಣೆಯನ್ನೂ ತರಿಸಿಡುತ್ತೇನೆ.

– ಒಬ್ಬ ಗಿರಣಿಯವ, ಬೆಟಗೇರಿ, ಗದಗ