78 ಸಾವಿರದ ವಿಷಯ: ನಮ್ಮ ಸೋಲಾರ್ ಗ್ರಾಹಕರಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ.

ಈ ಯುಗಾದಿಯಿಂದ ನಮ್ಮಲ್ಲಿ ಒಂದು ಬದಲಾವಣೆ ಆಗುತ್ತಿದೆ. ಇನ್ನು ಮುಂದೆ ಮನೆಗೆ ಸೋಲಾರ್ ಹಾಕಿಸುವವರು ಸರ್ಕಾರದ ಸಬ್ಸಿಡಿಯ ಹಣವನ್ನೂ (3 ಕಿಲೋವ್ಯಾಟ್‌ಗೆ 78 ಸಾವಿರ) ಸೇರಿಸಿ ಪೂರ್ತಿ ಮೊತ್ತ ನಮಗೆ ಕೊಡಬೇಕಾಗುತ್ತದೆ. "ಸಬ್ಸಿಡಿ ಬಂದ ಮೇಲೆ ಕೊಡಿ, ಅವಸರವಿಲ್ಲ" ಎಂದು ಇಷ್ಟು ವರ್ಷ ನಾವೇ ಹೇಳುತ್ತಿದ್ದೆವು. ಆ ಮಾತು ಇನ್ನು ನಡೆಯುವುದಿಲ್ಲ.

ಇದನ್ನು ಬರೆಯಲು ನನಗೂ ತಮ್ಮನಿಗೂ ಸಂಕಟ ಆಗುತ್ತಿದೆ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ನಮ್ಮನ್ನು ಪುಣೆಯ ಧಾಯರಿಯಲ್ಲಿ ನಾವು ಶೆಡ್ ಹಾಕುವ ಮೊದಲಿನಿಂದ ಬಲ್ಲವರು. ಕಷ್ಟದ ಒಂದು ಮಳೆಗಾಲದಲ್ಲಿ ನೀವು ಹೇಗೆ ಜೊತೆ ನಿಂತಿರಿ ಎಂಬುದನ್ನು ನಾವು ಮರೆತಿಲ್ಲ. ಅದಕ್ಕೇ ವಾಟ್ಸಾಪ್‌ನಲ್ಲಿ ಎರಡು ಸಾಲು ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಮೊದಲು ಈ ಪದ್ಧತಿ ಎಲ್ಲಿಂದ ಬಂತು ಎಂದು ಹೇಳುತ್ತೇನೆ. 2019ರ ಕೇಂದ್ರ ಯೋಜನೆಯಲ್ಲಿ ಮನೆಯ ಮೇಲಿನ ಸೋಲಾರ್‌ಗೆ 3 ಕಿಲೋವ್ಯಾಟ್‌ವರೆಗೆ ಶೇಕಡಾ 40, ಅದರ ಮೇಲೆ 10ರ ತನಕ ಶೇಕಡಾ 20 ಸಬ್ಸಿಡಿ ಇತ್ತು. ಗ್ರಾಹಕರು ಉಳಿದ ಹಣ ಕೊಟ್ಟರೆ ಸಾಕಿತ್ತು. ಸಬ್ಸಿಡಿಯ ಭಾಗ ವಿದ್ಯುತ್ ಕಂಪನಿಯ ಮೂಲಕ ನಮ್ಮಂಥ ವೆಂಡರ್‌ಗಳಿಗೆ ಬರುತ್ತಿತ್ತು. 2022ರ ಜುಲೈನಲ್ಲಿ ರಾಷ್ಟ್ರೀಯ ಪೋರ್ಟಲ್ ಬಂತು, ಹಣ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬೀಳಲು ಶುರುವಾಯಿತು. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲೂ ಹಾಗೇ ಇದೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. ಒಟ್ಟು 78 ಸಾವಿರ. ಸಿಸ್ಟಂ ಅದಕ್ಕಿಂತ ದೊಡ್ಡದಾದರೂ ಸಬ್ಸಿಡಿ ಅಷ್ಟೇ.

ಇದು ಒಳ್ಳೆಯ ಬದಲಾವಣೆ. ಸರ್ಕಾರದ ಹಣ ವೆಂಡರ್ ಕೈಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಆದರೆ ನಿಮಗೆ ಹಳೆಯ ಪದ್ಧತಿ ರೂಢಿಯಾಗಿತ್ತು. ನಿಮಗೆ ಭಾರ ಆಗಬಾರದು ಎಂದು ಆ 78 ಸಾವಿರವನ್ನು ನಾವೇ ನಮ್ಮ ಜೇಬಿನಿಂದ ಹಾಕಿ ಕಾಯುತ್ತಾ ಬಂದೆವು. ಯಾವ ಸರ್ಕಾರವೂ ನಮಗೆ ಹಾಗೆ ಮಾಡಿ ಎಂದಿರಲಿಲ್ಲ. ನಾವಾಗಿಯೇ ಮಾಡಿದ್ದು, ಅದರ ಬಗ್ಗೆ ನಮಗೆ ಹೆಮ್ಮೆಯೂ ಇತ್ತು.

ಮೀಟರ್ ಕೂತು, ವರದಿ ಪೋರ್ಟಲ್‌ಗೆ ಏರಿ, ನೀವು ಬ್ಯಾಂಕ್ ವಿವರ ಹಾಕಿದ ಮೇಲೆ 30 ದಿನದೊಳಗೆ ಹಣ ಬರಬೇಕು ಎಂದು ಯೋಜನೆ ಹೇಳುತ್ತದೆ. ಆದರೆ ಅದಕ್ಕೂ ಮೊದಲಿನ ದಿನಗಳನ್ನು ಯಾರೂ ಎಣಿಸುವುದಿಲ್ಲ. ಪ್ಯಾನೆಲ್ ಕೊಡುವವರು ನಮಗೆ ಒಂದು ದಿನವೂ ಸಾಲ ಕೊಡುವುದಿಲ್ಲ. ದುಡ್ಡು ಹಾಕಿದ ಮೇಲೆಯೇ ಗಾಡಿ ಲೋಡ್ ಆಗುತ್ತದೆ. ಐದು ಮನೆಯ ಕೆಲಸ ಒಟ್ಟಿಗೆ ನಡೆದರೆ ನಮ್ಮ 3 ಲಕ್ಷ 90 ಸಾವಿರ ಬೇರೆಯವರ ಟೆರೇಸ್ ಮೇಲೆ ಕೂತಿರುತ್ತದೆ. ಕಳೆದ ದಸರಾದ ಹೊತ್ತಿಗೆ ಹುಡುಗರ ಪಗಾರ ಕೊಡಲು ತಮ್ಮ ತನ್ನ ಗಾಡಿ ಮಾರಿದ. ನಿಮ್ಮಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಹೇಳಿಕೊಳ್ಳುವ ಮನಸ್ಸೂ ಇರಲಿಲ್ಲ. ಕೆಲವರು ಸಬ್ಸಿಡಿ ಬಂದ ದಿನವೇ ಫೋನ್ ಮಾಡಿ ಹಣ ಕಳಿಸಿದರು. ಕೆಲವರಿಗೆ ಮನೆಯಲ್ಲಿ ಬೇರೆ ಖರ್ಚು ಬಂತು, ಮಗಳ ಕಾಲೇಜ್ ಫೀ ಬಂತು. ನಾಲ್ಕು ತಿಂಗಳು ಹೋಯಿತು. ಅವರನ್ನು ದೂರುತ್ತಿಲ್ಲ. ಆದರೆ ಕೇಳಿ ಕೇಳಿ ಸಂಬಂಧ ಕೆಡುತ್ತದೆ, ಅಲ್ವಾ?

ಈಗ ನಾವು ಜಾಸ್ತಿ ಕೇಳಿಸಿಕೊಂಡಿರುವ ಮಾತಿಗೆ ಬರುತ್ತೇನೆ. "ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಆ ಶೇಕಡಾ 7 ಎಲ್ಲಿ ಹೋಯಿತು?" ನಿಗಡಿಯ ಮೇಷ್ಟ್ರು ಕೇಳಿದರು, ಕೋಥ್ರೂಡ್‌ನ ಅಕ್ಕ ಕೇಳಿದರು, ಸಂಘದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಎಳ್ಳುಬೆಲ್ಲ ಕೈಗೆ ಕೊಡುತ್ತಲೇ ಒಬ್ಬ ಹಿರಿಯರು ಕೇಳಿದರು. ನಾಲ್ಕು ಜನರ ಮುಂದೆ ಆ ಪ್ರಶ್ನೆ ಬಂದಾಗ ನನಗೆ ಉತ್ತರ ಕೊಡಲು ಆಗಲಿಲ್ಲ, ಗಂಟಲು ಕಟ್ಟಿತು. ಇಲ್ಲಿ ಕೊಡುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದದ್ದು ನಿಜ. ಆದರೆ ನಿಮ್ಮ ಬಿಲ್ ಪೂರ್ತಿ ಸಾಮಾನಿನ ಬಿಲ್ ಅಲ್ಲ. ಸೋಲಾರ್ ಹಾಕಿಕೊಡುವ ಕೆಲಸದಲ್ಲಿ 70 ಭಾಗ ಸಾಮಾನು, 30 ಭಾಗ ಸೇವೆ ಎಂದು ಕಾನೂನೇ ಭಾಗ ಮಾಡಿದೆ. ಇಳಿದದ್ದು ಸಾಮಾನಿನ ಭಾಗಕ್ಕೆ ಮಾತ್ರ. ಸೇವೆಯ ಮೇಲೆ ಮೊದಲೂ 18, ಈಗಲೂ 18.

ಲೆಕ್ಕ ಸುಲಭ ಆಗಲಿ ಎಂದು ತೆರಿಗೆ ಬಿಟ್ಟು 2 ಲಕ್ಷದ ಕೆಲಸ ಎಂದುಕೊಳ್ಳಿ. ಸಾಮಾನು 1 ಲಕ್ಷ 40 ಸಾವಿರ, ಸೇವೆ 60 ಸಾವಿರ. ಮೊದಲು ಸಾಮಾನಿಗೆ 16,800, ಸೇವೆಗೆ 10,800, ಒಟ್ಟು ತೆರಿಗೆ 27,600. ಈಗ ಸಾಮಾನಿಗೆ 7,000, ಸೇವೆಗೆ ಅದೇ 10,800, ಒಟ್ಟು 17,800. ಇಳಿದದ್ದು 9,800 ರೂಪಾಯಿ. ನೀವು 2 ಲಕ್ಷಕ್ಕೆ ಶೇಕಡಾ 7 ಹಿಡಿದು 14 ಸಾವಿರ ಎನ್ನುತ್ತೀರಿ. ನಡುವಿನ 4,200 ನಮ್ಮ ಹತ್ತಿರ ಇಲ್ಲ. ಅದು ಇಳಿಯಲೇ ಇಲ್ಲ. ಇದೇ ಲೆಕ್ಕದಲ್ಲಿ ಇಳಿದ ತೆರಿಗೆ ಸೆಪ್ಟೆಂಬರ್ 22ರ ನಂತರದ ಪ್ರತಿ ಬಿಲ್‌ನಲ್ಲೂ ಕಡಿಮೆಯಾಗಿದೆ. ಪಕ್ಕದ ಮನೆಯವರ ಹಳೆಯ ಬಿಲ್ ಇದ್ದರೆ ತೆಗೆದು ಹೊಂದಿಸಿ ನೋಡಿ. ಅದಕ್ಕೂ ಮೊದಲು ಕೆಲಸ ಮುಗಿದು ಬಿಲ್ ಆದವರಿಗೆ ಇದು ಸಿಗುವುದಿಲ್ಲ. ಹತ್ತು ದಿನದ ಅಂತರದಲ್ಲಿ ತಪ್ಪಿಹೋದ ಇಬ್ಬರ ಬೇಸರ ನನಗೆ ಅರ್ಥವಾಗುತ್ತದೆ.

ತೆರಿಗೆ ಇಳಿದದ್ದು ನಮ್ಮ ಕೈಯಲ್ಲಿನ ಹಣವನ್ನು ಇನ್ನಷ್ಟು ಬಿಗಿ ಮಾಡಿತು ಎಂದರೆ ಯಾರೂ ನಂಬುವುದಿಲ್ಲ. ಕಬ್ಬಿಣದ ಪೈಪ್, ಕೇಬಲ್ ಕೊಳ್ಳುವಾಗ ನಾವು ಶೇಕಡಾ 18 ಕೊಡುತ್ತೇವೆ. ಅದೇ ಪೈಪ್ ನಿಮ್ಮ ಸೋಲಾರ್ ಸಿಸ್ಟಂನ ಭಾಗವಾಗಿ ಬಿಲ್ ಆಗುವಾಗ 5ರ ಲೆಕ್ಕಕ್ಕೆ ಸೇರುತ್ತದೆ. ನಡುವಿನದು ಕ್ರೆಡಿಟ್ ಎಂದು ನಮ್ಮ ಖಾತೆಯಲ್ಲಿ ಕೂರುತ್ತದೆ. ವಾಪಸ್ ಕೇಳಬಹುದು, ಅರ್ಜಿ ಹಾಕಿ ಕಾಯಬೇಕು. ಅಲ್ಲಿಯ ತನಕ ಆ ದುಡ್ಡಿನಿಂದ ಒಂದು ನಟ್ ಕೂಡ ಕೊಳ್ಳಲು ಬರುವುದಿಲ್ಲ.

ಕಬ್ಬಿಣದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. "ಸ್ಟ್ರಕ್ಚರ್‌ಗೆ (ಪ್ಯಾನೆಲ್ ಕೂರಿಸುವ ಕಬ್ಬಿಣದ ಸ್ಟ್ಯಾಂಡ್) ಇಷ್ಟೊಂದಾ?" ಎಂದು ಕೇಳುತ್ತೀರಿ. ಪುಣೆಯಲ್ಲಿ ಟೆರೇಸ್ ಎಂದರೆ ಹಪ್ಪಳ, ಸಂಡಿಗೆ, ಕುರುಡಿಗೆ ಒಣಗಿಸುವ ಜಾಗ. ಮನೆಯ ಹೆಂಗಸರು ಬಗ್ಗದೆ ಓಡಾಡಬೇಕು ಎಂದು ನಾವು ಪ್ಯಾನೆಲ್ ಅನ್ನು ಎಂಟು ಅಡಿ ಎತ್ತರಕ್ಕೆ ಕೂರಿಸುತ್ತೇವೆ. ಎತ್ತರ ಹೋದಷ್ಟೂ ಗಾಳಿಯ ಹೊಡೆತ ಜಾಸ್ತಿ. ಪೈಪ್ ದಪ್ಪ ಇರಬೇಕು, ಕಾಲು ಭದ್ರ ಇರಬೇಕು. ಮೇ ತಿಂಗಳ ಗಾಳಿಮಳೆಗೆ ನಾವು ಹಾಕಿದ ಒಂದು ಪ್ಯಾನೆಲ್ ಕೂಡ ಇದುವರೆಗೆ ಅಲುಗಿಲ್ಲ. ಇದರಲ್ಲಿ ನಾವು ಉಳಿತಾಯ ಮಾಡುವುದಿಲ್ಲ. ಮುಂದೆಯೂ ಮಾಡುವುದಿಲ್ಲ.

"ಮೊಬೈಲ್‌ನಲ್ಲಿ ಪ್ಯಾನೆಲ್ ರೇಟ್ ಕಡಿಮೆ ತೋರಿಸುತ್ತದೆ" ಎನ್ನುವವರಿಗೆ ಒಂದೇ ಮಾತು. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರ ಅಲ್ಲ, ಅದರೊಳಗೆ ಬಿಸಿಲಿನಿಂದ ಕರೆಂಟ್ ಮಾಡುವ ಬಿಲ್ಲೆ, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಇದನ್ನೇ ಡಿಸಿಆರ್ ಪ್ಯಾನೆಲ್ ಎನ್ನುವುದು. ನಮ್ಮ ದೇಶದಲ್ಲಿ ಪ್ಯಾನೆಲ್ ಜೋಡಿಸುವ ಕಾರ್ಖಾನೆಗಳು ಬೇಗ ಬೆಳೆದವು, ಸೆಲ್ ಮಾಡುವವು ಅಷ್ಟು ಬೆಳೆದಿಲ್ಲ. ಅದಕ್ಕೇ ಡಿಸಿಆರ್ ತುಟ್ಟಿ. ನೀವು ಮೊಬೈಲ್‌ನಲ್ಲಿ ನೋಡುವುದು ಬಹಳ ಸಲ ಹೊರಗಿನ ಸೆಲ್ ಹಾಕಿದ ಪ್ಯಾನೆಲ್. ಅದನ್ನು ಹಾಕಿದರೆ 78 ಸಾವಿರ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಹೊರಗಿನ ಪ್ಯಾನೆಲ್‌ಗೆ ಶೇಕಡಾ 40, ಸೆಲ್‌ಗೆ 25 ಆಮದು ಸುಂಕ ಹಾಕಿದ್ದು ಇಲ್ಲಿನ ಕಾರ್ಖಾನೆಗಳಿಗಾಗಿಯೇ. ಸೆಲ್ ಕೂಡ ಸರ್ಕಾರ ಒಪ್ಪಿದ ಪಟ್ಟಿಯಲ್ಲಿರಬೇಕು, 2026ರ ಜೂನ್ 1ರಿಂದ ಎಂದು 2024ರ ಡಿಸೆಂಬರ್‌ನಲ್ಲೇ ಆದೇಶ ಬಂದಿದೆ. ಈ ನಿಯಮಗಳನ್ನು ನಾನು ಬಯ್ಯುವುದಿಲ್ಲ. ಇವು ಇರದಿದ್ದರೆ ನಮ್ಮೂರ ಹುಡುಗರಿಗೆ ಈ ಕೆಲಸವೇ ಬರುತ್ತಿರಲಿಲ್ಲ. ಆದರೆ ದೆಹಲಿಯಲ್ಲಿ ಒಂದು ಆದೇಶ ಆದಾಗ ಧಾಯರಿಯ ಶೆಡ್‌ನಲ್ಲಿ ರೇಟ್ ಬದಲಾಗುತ್ತದೆ. ಅದನ್ನು ನಾವು ಬೇಕೆಂದೇ ಏರಿಸಿದ್ದು ಎಂದಾಗ ನೋವಾಗುತ್ತದೆ.

ನಮ್ಮಿಂದ ತಪ್ಪೇ ಆಗಿಲ್ಲ ಎಂದು ಹೇಳುತ್ತಿಲ್ಲ. ಸಿಂಹಗಡ ರಸ್ತೆಯ ಒಂದು ಮನೆಯಲ್ಲಿ ಕರೆಂಟ್ ಬಿಲ್ ತೀರಿಹೋದ ಅಜ್ಜನ ಹೆಸರಿನಲ್ಲಿತ್ತು. ಅರ್ಜಿ ಹಾಕುವ ಮೊದಲೇ ನಾವು ನೋಡಬೇಕಿತ್ತು, ನೋಡಲಿಲ್ಲ. ಹೆಸರು ಬದಲಾಗುವ ತನಕ ಎಲ್ಲವೂ ನಿಂತಿತು. ಪ್ಯಾನೆಲ್ ತಲೆಯ ಮೇಲೆ ಇದ್ದರೂ ಆ ಮನೆಯ ಕಾಕು (ಚಿಕ್ಕಮ್ಮ) ಎರಡು ತಿಂಗಳು ಪೂರ್ತಿ ಬಿಲ್ ಕಟ್ಟಿದರು. ಒಂದು ದಿನವೂ ನಮ್ಮ ಮೇಲೆ ಸಿಟ್ಟಾಗಲಿಲ್ಲ. ಅವರ ಮುಂದೆ ತಲೆ ಎತ್ತಲು ಆಗಲಿಲ್ಲ. ಕಾಕು, ತಪ್ಪಾಯಿತು. ಈಗ ಬಿಲ್, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇದೆಯಾ ಎಂದು ನೋಡಿದ ಮೇಲೆಯೇ ನನ್ನ ತಮ್ಮ ಮುಂಗಡ ತೆಗೆದುಕೊಳ್ಳುತ್ತಾನೆ.

ಹೊಸ ಪದ್ಧತಿ ಹೀಗಿರುತ್ತದೆ. ಆರ್ಡರ್ ಮಾಡುವಾಗ ಶೇಕಡಾ 30. ಪ್ಯಾನೆಲ್ ನಮ್ಮ ಶೆಡ್ ಬಿಡುವ ಮೊದಲು 60. ಉಳಿದ 10 ಮಹಾವಿತರಣದ (ಮಹಾರಾಷ್ಟ್ರದ ವಿದ್ಯುತ್ ಕಂಪನಿ) ನೆಟ್ ಮೀಟರ್, ಅಂದರೆ ಬಂದ ಕರೆಂಟ್, ಹೋದ ಕರೆಂಟ್ ಎರಡನ್ನೂ ಎಣಿಸುವ ಮೀಟರ್, ಕೂತು ನಿಮ್ಮ ಕಣ್ಣೆದುರು ತಿರುಗಿದ ಮೇಲೆ. ಆ ಹತ್ತು ನಿಮ್ಮ ಕೈಯಲ್ಲಿ ಇರಲಿ ಎಂದು ಹಠ ಮಾಡಿದ್ದು ನಾನೇ. ಮೀಟರ್ ಬರದೆ ಕೆಲಸ ಮುಗಿಯಲಿಲ್ಲ, ಅಲ್ಲಿಯ ತನಕ ನಾವು ನಿಮ್ಮ ಹಿಂದೆ ಓಡಾಡಲೇಬೇಕು. ಯುಗಾದಿಗೆ ಮೊದಲು ಮುಂಗಡ ಕೊಟ್ಟವರಿಗೆ ಹಳೆಯ ಮಾತೇ. ಸಬ್ಸಿಡಿ ಬಂದ ಮೇಲೆ ಕೊಡಿ.

ಪೂರ್ತಿ ಹಣ ಒಮ್ಮೆಲೇ ಹೊಂದಿಸಲು ಆಗದವರು ಬಹಳ ಜನ ಇದ್ದೀರಿ. ಪಿಎಂ ಸೂರ್ಯ ಘರ್‌ನಲ್ಲೇ 3 ಕಿಲೋವ್ಯಾಟ್‌ವರೆಗೆ 2 ಲಕ್ಷದ ತನಕ ಜಾಮೀನಿಲ್ಲದ ಸಾಲ ಇದೆ. ಅರ್ಜಿ, ಕೋಟೇಷನ್, ಬ್ಯಾಂಕಿಗೆ ಓಡಾಟ ನಾವು ನೋಡಿಕೊಳ್ಳುತ್ತೇವೆ. ಇದಕ್ಕೆ ಬೇರೆ ದುಡ್ಡು ಇಲ್ಲ. ಸಬ್ಸಿಡಿ ಬಂದಾಗ ಅದನ್ನು ಸಾಲಕ್ಕೇ ಕಟ್ಟಿದರೆ ಕಂತು ಹಗುರಾಗುತ್ತದೆ. ಯೋಜನೆ 2026-27ರ ತನಕ ಇದೆ, ಗಾಬರಿಯಿಂದ ನಿರ್ಧಾರ ಮಾಡಬೇಡಿ.

ಇನ್ನೊಂದು ವಿಷಯ. 2024ರ ಗ್ರಾಹಕ ಹಕ್ಕುಗಳ ನಿಯಮದ ತಿದ್ದುಪಡಿ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಒಪ್ಪಿಗೆ ಆದಂತೆಯೇ ಲೆಕ್ಕ. 5 ಕಿಲೋವ್ಯಾಟ್‌ವರೆಗೆ ಲೈನ್, ಟ್ರಾನ್ಸ್‌ಫಾರ್ಮರ್ ಬಲಪಡಿಸುವ ಖರ್ಚು ವಿದ್ಯುತ್ ಕಂಪನಿಯದ್ದೇ. ಆ ಹೆಸರಿನಲ್ಲಿ ಯಾರಾದರೂ ನಿಮ್ಮಲ್ಲಿ ದುಡ್ಡು ಕೇಳಿದರೆ ಕೊಡಬೇಡಿ, ಮೊದಲು ನನಗೆ ಫೋನ್ ಮಾಡಿ.

"ಉಚಿತ ಬಿಜಲಿ ಎಂದಿರಿ, ಬಿಲ್ ಯಾಕೆ ಬಂತು?" ಎಂದು ಕೇಳುವವರಿಗೆ: ಯೂನಿಟ್ ಸೊನ್ನೆ ಆದರೂ ಸ್ಥಿರ ಆಕಾರ (ತಿಂಗಳ ನಿಗದಿತ ಶುಲ್ಕ) ಬಂದೇ ಬರುತ್ತದೆ. ಬಿಲ್ ಫೋಟೋ ಕಳಿಸಿ, ಪ್ರತಿ ಸಾಲು ಓದಿ ಹೇಳುತ್ತೇವೆ.

ಐದು ವರ್ಷ ನಿರ್ವಹಣೆ ನಮ್ಮ ಜವಾಬ್ದಾರಿ ಎಂದು ಯೋಜನೆಯ ಕರಾರಿನಲ್ಲೇ ಇದೆ. ನಮ್ಮ ಮೊದಲ ಗ್ರಾಹಕರಿಗೆ ಅಂಥ ಕರಾರು ಇರಲಿಲ್ಲ, ಆದರೂ ಅವರ ಇನ್ವರ್ಟರ್ ಕೆಂಪು ದೀಪ ತೋರಿಸಿದರೆ ತಮ್ಮ ಈಗಲೂ ಹೋಗುತ್ತಾನೆ. ಅದು ಬದಲಾಗುವುದಿಲ್ಲ. ನಿಮ್ಮ ಮನೆಯ ಮೇಲೆ ನಾವು ಹಾಕಿದ ಪ್ಯಾನೆಲ್ ಇರುವ ತನಕ ನಿಮ್ಮ ಫೋನ್ ಎತ್ತುತ್ತೇವೆ.

ಬೇಸಿಗೆಯ ಧೂಳು ಜಾಸ್ತಿ ಆಗಿದೆ. ಪ್ಯಾನೆಲ್ ತೊಳೆಯಲು ಹುಡುಗರು ಮುಂದಿನ ಎರಡು ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತಾರೆ, ಮೊದಲನೆಯ ವಾರ ಧಾಯರಿ, ಸಿಂಹಗಡ ರಸ್ತೆ, ಕೋಥ್ರೂಡ್, ಆಮೇಲೆ ಚಿಂಚವಡ, ನಿಗಡಿ. ಊರಿಗೆ ಹೋಗುವವರು ಟೆರೇಸ್ ಕೀಲಿ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿ. ಎರಡು ಬಕೆಟ್ ನೀರು ಮೇಲೆ ಇಟ್ಟಿದ್ದರೆ ಸಾಕು.

ನಿಮ್ಮ,
ಅಣ್ಣ ತಮ್ಮ ಇಬ್ಬರೂ
ಧಾಯರಿ, ಪುಣೆ